ಬರೆದಿಟ್ಟ ಕೆಲಸವೇ ಕೆಲಸ: ದೊಡ್ಡ ಕಂಪನಿಯಲ್ಲಿ ನನ್ನ ಹನ್ನೊಂದು ವರ್ಷ

ನಮ್ಮಪ್ಪ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದರು. ಅವರ ಸಾಹುಕಾರರು ಹತ್ತಡಿ ದೂರದಲ್ಲೇ ಕೂತಿರುತ್ತಿದ್ದರು. ಅಪ್ಪ ಎಷ್ಟು ಚೀಲ ತೂಗಿಸಿದರು, ಯಾವ ಲೆಕ್ಕದಲ್ಲಿ ತಪ್ಪು ಹಿಡಿದರು, ಎಲ್ಲ ಅವರ ಕಣ್ಣೆದುರೇ ನಡೆಯುತ್ತಿತ್ತು. 2020ರಲ್ಲಿ ಲಾಕ್‌ಡೌನ್ ಆಗಿ ನಾನು ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದೆ. ಆಗ ಅಪ್ಪ ಮೊದಲ ಸಲ ನನ್ನ ಕೆಲಸ ನೋಡಿದರು. ರಾತ್ರಿ ಮೂರು ಗಂಟೆಗೆ ಹಜಾರದಲ್ಲಿ ಕೂತು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದೆ. ಬೆಳಿಗ್ಗೆ ಕಾಫಿ ಕುಡಿಯುವಾಗ ಕೇಳಿದರು: “ನಿಮ್ ಸಾವ್ಕಾರ್ರು ಯಾರು ಮಗ?”

ತಕ್ಷಣ ಉತ್ತರ ಹೇಳಲು ಆಗಲಿಲ್ಲ. ಸಂಬಳ ಕೊಡುವುದು ಬೆಂಗಳೂರಿನ ಐಟಿ ಕಂಪನಿ. ಕೆಲಸ ಮಾಡಿಸಿಕೊಳ್ಳುವುದು ಅಮೆರಿಕದ ಒಂದು ವಿಮಾ ಕಂಪನಿ. ದಿನದ ಕೆಲಸ ಹಂಚುವವರು ಒಬ್ಬರು, ರಜೆ ಮಂಜೂರು ಮಾಡುವವರು ಇನ್ನೊಬ್ಬರು, ವರ್ಷದ ಕೊನೆಗೆ ರೇಟಿಂಗ್ ಕೊಡುವವರು ಮತ್ತೊಬ್ಬರು. ಹನ್ನೊಂದು ವರ್ಷದಲ್ಲಿ ನನಗೆ ಒಂಬತ್ತು ಜನ ಮ್ಯಾನೇಜರ್ ಬದಲಾದರು. ಅವರಲ್ಲಿ ಇಬ್ಬರನ್ನು ನಾನು ಮುಖಾಮುಖಿ ನೋಡಿದ್ದೇ ಇಲ್ಲ. “ಸಾಹುಕಾರ ಅಂತ ಯಾರೂ ಇಲ್ಲಪ್ಪ” ಅಂದೆ. ಅಪ್ಪನಿಗೆ ಅದು ಸರಿ ಕಾಣಲಿಲ್ಲ. “ಮತ್ತೆ ನೀನು ಮಾಡಿದ್ದು ಯಾರಿಗೆ ಗೊತ್ತಾಗುತ್ತೆ?” ಅಂದರು.

ಅಪ್ಪ ಒಂದೇ ಬೆಳಿಗ್ಗೆ ಕೇಳಿದ ಈ ಪ್ರಶ್ನೆ ನನಗೆ ಹೊಳೆಯಲು ನಾಲ್ಕು ವರ್ಷ ಹಿಡಿದಿತ್ತು. ಈಗ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರಿಗೆ ಅಷ್ಟು ವರ್ಷ ಹಿಡಿಯಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಕ್ಯಾಂಪಸ್‌ನಲ್ಲಿ ಆಯ್ಕೆಯಾದದ್ದು 2008ರ ಆಗಸ್ಟ್‌ನಲ್ಲಿ. ಮುಂದಿನ ತಿಂಗಳೇ ಅಮೆರಿಕದಲ್ಲಿ ಲೇಮನ್ ಬ್ರದರ್ಸ್ ಬ್ಯಾಂಕು ಮುಳುಗಿತು. ಎಲ್ಲಿಯ ನ್ಯೂಯಾರ್ಕ್, ಎಲ್ಲಿಯ ತಿಪಟೂರು ಅನ್ನಿಸಬಹುದು. ಆದರೆ 2009ರಲ್ಲಿ ಓದು ಮುಗಿಸಿ ನಾನು ಒಂದು ವರ್ಷ ಸುಮ್ನೆ ಮನೆಯಲ್ಲಿ ಕೂತೆ. ಸೇರಿಕೊಂಡದ್ದು 2010ರ ಜುಲೈಯಲ್ಲಿ. ಟ್ರೇನಿಂಗ್ ಆಯಿತು. ಆಮೇಲೆ ಆರು ವಾರ ಬೆಂಚ್, ಅಂದರೆ ಯಾವ ಪ್ರಾಜೆಕ್ಟೂ ಇಲ್ಲದೆ ಕಾಯುವುದು. ಇಂಥ ಕಂಪನಿಗಳಲ್ಲಿ ತುಂಬಾ ಪ್ರಾಜೆಕ್ಟುಗಳಿಗೆ ಕ್ಲೈಂಟ್ ದುಡ್ಡು ಕೊಡುವುದು ತಲೆ ಲೆಕ್ಕದಲ್ಲಿ, ಗಂಟೆ ಲೆಕ್ಕದಲ್ಲಿ. ಬೆಂಚ್ ಮೇಲೆ ಇರುವವರಿಂದ ಕಂಪನಿಗೆ ಬರೀ ಖರ್ಚು. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ, ಆದರೆ ಕ್ಯಾಂಟೀನಿನಲ್ಲಿ ಕೂತವರಿಗೆಲ್ಲ ಅದು ಗೊತ್ತಿರುತ್ತದೆ.

ಕೊನೆಗೆ ಸಿಕ್ಕಿದ್ದು ಮೇನ್‌ಫ್ರೇಮ್, ಅಂದರೆ ದೊಡ್ಡ ಕಂಪನಿಗಳ ಲೆಕ್ಕ ಓಡಿಸುವ ಭಾರೀ ಕಂಪ್ಯೂಟರಿನ ಕೆಲಸ. ಜಾವಾ ಬೇಕು ಅಂತ ಕಾದಿದ್ದ ನನ್ನ ಗೆಳೆಯರು ಬೇಜಾರು ಮಾಡಿಕೊಂಡರು. ನನಗೆ ಕೆಲಸ ಸಿಕ್ಕಿದ್ದೇ ಸಾಕಿತ್ತು. ಅಲ್ಲಿ ಪ್ರೋಗ್ರಾಮ್ ಬರೆಯುವುದು ಕೋಬಾಲ್‌ನಲ್ಲಿ, ಅದು 1959ರಲ್ಲಿ ಹುಟ್ಟಿದ ಕಂಪ್ಯೂಟರ್ ಭಾಷೆ. ಇವತ್ತಿಗೂ ಎಷ್ಟೋ ಬ್ಯಾಂಕು, ವಿಮಾ ಕಂಪನಿಗಳ ಲೆಕ್ಕ ಅದರಲ್ಲೇ ನಡೆಯುತ್ತಿದೆ. ಅಮೆರಿಕದ ಪೂರ್ವ ಭಾಗದಲ್ಲಿ ಸಂಜೆ ಐದಕ್ಕೆ ಆಫೀಸು ಮುಚ್ಚಿದ ಮೇಲೆ ಆ ದಿನದ ಲೆಕ್ಕವೆಲ್ಲ ಸಾಲಾಗಿ ಓಡಬೇಕು. ಇದಕ್ಕೆ ಬ್ಯಾಚ್ ಅನ್ನುತ್ತೇವೆ, ಅದರೊಳಗಿನ ಒಂದೊಂದು ಕೆಲಸಕ್ಕೆ ಜಾಬ್. ಅವರ ಸಂಜೆ ಐದು ಅಂದರೆ ಬೇಸಿಗೆಯಲ್ಲಿ ನಮಗೆ ರಾತ್ರಿ ಎರಡೂವರೆ, ಚಳಿಗಾಲದಲ್ಲಿ ಮೂರೂವರೆ. ಮಾರ್ಚ್ ತಿಂಗಳ ಎರಡನೇ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ ಬರುತ್ತದೆ. ನಮ್ಮ ಟೀಮಿನವರ ಮನೆಗಳಲ್ಲಿ ಊಟ, ನಿದ್ದೆ ಎಲ್ಲ ವರ್ಷಕ್ಕೆ ಎರಡು ಸಲ ಅದಕ್ಕೆ ತಕ್ಕಂತೆ ಬದಲಾಗುತ್ತಿತ್ತು.

2013ರ ಒಂದು ರಾತ್ರಿಯನ್ನು ಹೇಳಲೇಬೇಕು. ಮೂರು ಗಂಟೆ ಹತ್ತು ನಿಮಿಷಕ್ಕೆ ಫೋನ್ ಬಂತು. ಬ್ಯಾಚ್ ನಿಂತಿದೆ, ಎರರ್ ಎಸ್0ಸಿ7. ಮೇನ್‌ಫ್ರೇಮಿನವರು ಇದನ್ನು ‘ಸಾಕ್ ಸೆವೆನ್’ ಅಂತ ಕರೆಯುತ್ತಾರೆ. ಅಂಕಿ ಇರಬೇಕಾದ ಜಾಗದಲ್ಲಿ ಅಂಕಿ ಅಲ್ಲದ್ದು ಬಂದರೆ ಯಂತ್ರ ಲೆಕ್ಕ ಮಾಡಲಾರದೆ ಅಲ್ಲೇ ನಿಂತುಬಿಡುತ್ತದೆ. ಡಂಪ್, ಅಂದರೆ ನಿಂತ ಕ್ಷಣದಲ್ಲಿ ಯಂತ್ರದ ನೆನಪಿನಲ್ಲಿ ಇದ್ದದ್ದರ ನಕಲು, ತೆಗೆದು ಒಂದೊಂದೇ ಸಾಲು ನೋಡುತ್ತಾ ಹೋದೆ. ಒಂದು ಪಾಲಿಸಿಯಲ್ಲಿ ಪ್ರೀಮಿಯಂ ಮೊತ್ತದ ಜಾಗ ಖಾಲಿ ಇತ್ತು. ಲಕ್ಷಗಟ್ಟಲೆ ಸಾಲುಗಳ ನಡುವೆ ಅದೊಂದೇ ಸಾಲು. ಕ್ಲೈಂಟ್ ಕಡೆಯವರಿಗೆ ಫೋನಿನಲ್ಲೇ ಹೇಳಿ, ಒಪ್ಪಿಗೆ ತಗೊಂಡು, ಅದನ್ನು ಬದಿಗೆ ತೆಗೆದಿಟ್ಟು ನಿಂತ ಜಾಗದಿಂದಲೇ ಮತ್ತೆ ಓಡಿಸಿದೆ. ಅವರು ಕೇಳಿದ್ದ ಹೊತ್ತಿಗೆ ರಿಪೋರ್ಟು ಹೋಯಿತು. ಅಷ್ಟಕ್ಕೇ ಬಿಡಲಿಲ್ಲ. ಮುಂದಿನ ವಾರ ಪ್ರೋಗ್ರಾಮಿನಲ್ಲಿ ಒಂದು ಚೆಕ್ ಸೇರಿಸಿದೆ: ಅಂಕಿ ಅಲ್ಲದಿದ್ದರೆ ಆ ಸಾಲನ್ನು ಬೇರೆ ಫೈಲಿಗೆ ಹಾಕು, ಉಳಿದದ್ದನ್ನು ಓಡಿಸು. ಆಮೇಲೆ ಆ ಜಾಬ್ ಆ ಕಾರಣಕ್ಕೆ ನಿಲ್ಲಲೇ ಇಲ್ಲ.

ಅಪ್ರೈಸಲ್ ಬಂತು. ನನಗೆ ನಡುವಿನ ರೇಟಿಂಗ್. ಪಕ್ಕದ ಟೀಮಿನ ಒಬ್ಬರಿಗೆ ಮೇಲಿನದು. ಅವರ ಜಾಬ್‌ಗಳು ವರ್ಷಪೂರ್ತಿ ನಿಲ್ಲುತ್ತಿದ್ದವು, ಅವರು ವರ್ಷಪೂರ್ತಿ ಸರಿ ಮಾಡುತ್ತಿದ್ದರು, ಪ್ರತಿಯೊಂದಕ್ಕೂ ಟಿಕೆಟ್, ಅಂದರೆ ಏನು ಕೆಟ್ಟಿತು, ಏನು ಮಾಡಿದರು ಅಂತ ಕಂಪ್ಯೂಟರಿನಲ್ಲಿ ಬರೆದಿಡುವ ದಾಖಲೆ, ಇತ್ತು. ಅವರೂ ಕಷ್ಟಪಟ್ಟಿದ್ದರು, ಅವರ ಮೇಲೆ ನನಗೆ ಕೋಪ ಬರಲಿಲ್ಲ. ಆದರೆ ಆ ವಾರ ಸರಿಯಾಗಿ ನಿದ್ದೆ ಬರಲಿಲ್ಲ.

ಮ್ಯಾನೇಜರ್ ಒಳ್ಳೆಯವರು. ಕೂರಿಸಿಕೊಂಡು ಬಿಡಿಸಿ ಹೇಳಿದರು. ಅವರು ಕೊಟ್ಟ ರೇಟಿಂಗ್ ಅವರ ಹತ್ತಿರವೇ ಮುಗಿಯುವುದಿಲ್ಲ. ಹತ್ತಾರು ಮ್ಯಾನೇಜರುಗಳು ತಮ್ಮ ತಮ್ಮ ಪಟ್ಟಿ ಹಿಡಿದು ಒಂದು ಮೀಟಿಂಗಿನಲ್ಲಿ ಕೂರುತ್ತಾರೆ. ಮೇಲಿನ ರೇಟಿಂಗ್ ಶೇಕಡಾ ಇಷ್ಟೇ ಜನಕ್ಕೆ ಅಂತ ಮೊದಲೇ ಗೊತ್ತು ಮಾಡಿರುತ್ತಾರೆ. ಬೆಲ್ ಕರ್ವ್ ಅನ್ನುವುದು ಇದಕ್ಕೇ. ಅಲ್ಲಿ ನನ್ನ ಹೆಸರು ಬಂದಾಗ ಬೇರೆಯವರು “ಇವರು ಏನು ಮಾಡಿದ್ದಾರೆ?” ಅಂತ ಕೇಳುತ್ತಾರೆ. “ಆ ರಾತ್ರಿ ನನಗೆ ನೆನಪಿದೆ, ಆದರೆ ತೋರಿಸೋಕೆ ನನ್ನ ಕೈಯಲ್ಲಿ ಏನೂ ಇರಲಿಲ್ಲ” ಅಂದರು. ನಿಜವೇ. ಆ ರಾತ್ರಿಯ ಟಿಕೆಟ್‌ನಲ್ಲಿ ನಾನು ಬರೆದದ್ದು ‘ಸರಿಯಾಗಿದೆ’ ಅಂತ ಒಂದೇ ಪದ. ಚೆಕ್ ಸೇರಿಸಿದ್ದಕ್ಕಂತೂ ಟಿಕೆಟ್ಟೇ ತೆರೆದಿರಲಿಲ್ಲ. ನಿಂತ ಜಾಬ್ ಎಲ್ಲರ ಕಣ್ಣಿಗೂ ಬೀಳುತ್ತದೆ. ನಿಲ್ಲದ ಜಾಬ್ ಯಾರಿಗೆ ಕಾಣುತ್ತದೆ, ಅಲ್ವಾ?

ಆ ಶನಿವಾರ ಇನ್ನೂರು ಪುಟದ ಉದ್ದ ನೋಟ್‌ಬುಕ್ ತಂದೆ. ಪ್ರತಿ ಶುಕ್ರವಾರ ಸಂಜೆ ಹತ್ತು ನಿಮಿಷ. ಏನು ಕೆಟ್ಟಿತ್ತು, ನಾನು ಏನು ಮಾಡಿದೆ, ಅದರಿಂದ ಯಾರಿಗೆ ಎಷ್ಟು ಹೊತ್ತು ಉಳಿಯಿತು. ಮೂರೇ ಸಾಲು. ‘ತುಂಬಾ ಕಷ್ಟಪಟ್ಟೆ’ ಅಂತ ಬರೆದರೆ ಪ್ರಯೋಜನವಿಲ್ಲ, ‘ವಾರಕ್ಕೆ ನಾಲ್ಕು ಗಂಟೆ ಉಳಿಯಿತು’ ಅಂತ ಬರೆಯಬೇಕು. ಇಲ್ಲಿ ಒಂದು ಎಚ್ಚರಿಕೆ. ಅದರಲ್ಲಿ ಕ್ಲೈಂಟಿನ ಹೆಸರು, ಪಾಲಿಸಿ ನಂಬರು, ಕೋಡ್ ಯಾವುದೂ ಇರಬಾರದು. ಆಫೀಸಿನ ಮೇಲ್‌ಗಳನ್ನು ಸ್ವಂತ ಜಿಮೇಲ್‌ಗೆ ಕಳಿಸಿಕೊಳ್ಳುವ ಕೆಲಸ ಬೇಡವೇ ಬೇಡ. ಹಾಗೆ ಮಾಡಿ ಒಂದೇ ದಿನದಲ್ಲಿ ಕೆಲಸ ಕಳೆದುಕೊಂಡವರನ್ನು ನೋಡಿದ್ದೇನೆ. ಪೂರ್ತಿ ವಿವರ ಇರಬೇಕಾದ ಜಾಗ ಟಿಕೆಟ್. ಅವತ್ತಿನಿಂದ ನನ್ನ ಟಿಕೆಟ್‌ಗಳೂ ಉದ್ದವಾದವು. ಮುಂದಿನ ವರ್ಷ ಮ್ಯಾನೇಜರ್ ಕೈಗೆ ಒಂದು ಪುಟ ಕೊಟ್ಟೆ. ಪ್ರತಿ ಸಾಲಿನ ಮುಂದೆ ಟಿಕೆಟ್ ನಂಬರು. ರೇಟಿಂಗ್ ಬದಲಾಯಿತು.

ಇಷ್ಟು ಓದಿ ದೊಡ್ಡ ಕಂಪನಿ ಅಂದರೆ ಕಲ್ಲು ಮನಸ್ಸು ಅಂದುಕೊಳ್ಳಬೇಡಿ. ಅದು ಮುಖ ನೋಡುವುದಿಲ್ಲ, ಕಾಗದ ನೋಡುತ್ತದೆ. ಇದರಿಂದ ನೋವೂ ಆಗುತ್ತದೆ, ಒಳ್ಳೆಯದೂ ಆಗುತ್ತದೆ. 2017ರಲ್ಲಿ ಅಪ್ಪನಿಗೆ ಎದೆನೋವು ಬಂದು ಬೆಂಗಳೂರಿಗೆ ಕರೆತಂದೆ, ಸ್ಟೆಂಟ್ ಹಾಕಬೇಕಾಯಿತು. ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನಲ್ಲಿ ಕಂಪನಿಯ ಇ-ಕಾರ್ಡ್ ತೋರಿಸಿದೆ, ಅಪ್ಪನ ಆಧಾರ್ ಕೊಟ್ಟೆ, ಎರಡು ಸಹಿ ಹಾಕಿದೆ. ಸಂಜೆಯೊಳಗೆ ಒಪ್ಪಿಗೆ ಬಂತು. ಯಾರ ಮುಂದೆಯೂ ಕೈಕಟ್ಟಿ ನಿಲ್ಲಲಿಲ್ಲ. ಅಕ್ಕನ ಮದುವೆಗೆ ಸಾಲ ಕೇಳಲು ಅಪ್ಪ ಸಾಹುಕಾರರ ಮನೆ ಬಾಗಿಲಲ್ಲಿ ನಿಂತದ್ದನ್ನು ನಾನು ನೋಡಿದ್ದೆ. ಸಾಹುಕಾರರು ಕೊಟ್ಟರು, ಒಳ್ಳೆಯ ಮನುಷ್ಯರೇ. ಆದರೂ ಅಪ್ಪ ನಿಲ್ಲಬೇಕಾಯಿತು. ನನ್ನ ಕಂಪನಿಯಲ್ಲಿ ನನ್ನನ್ನು ನೋಡಿಯೇ ಇಲ್ಲದ ಯಾರೋ ನಿಯಮ ನೋಡಿ ಒಪ್ಪಿಗೆ ಕೊಟ್ಟರು. ಆ ರಾತ್ರಿ ಐಸಿಯು ಹೊರಗಿನ ಕುರ್ಚಿಯಲ್ಲಿ ಕೂತು ಎರಡನ್ನೂ ತುಂಬಾ ಹೊತ್ತು ಹೋಲಿಸಿ ನೋಡಿದೆ. ಕಂಪನಿಯ ಮೇಲೆ ಇದ್ದ ಹಳೆಯ ಬೇಜಾರು ಅವತ್ತೇ ಕಡಿಮೆಯಾಯಿತು.

ಕಾಗದ ಓದುವುದನ್ನು ನಾನು ಕಲಿತದ್ದು ತಡವಾಗಿ. ಅದರಿಂದ ದುಡ್ಡೂ ಹೋಯಿತು. ಆಫರ್ ಲೆಟರ್‌ನಲ್ಲಿ ಕಾಣುವ ಸಿಟಿಸಿ, ಅಂದರೆ ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚು, ಕೈಗೆ ಬರುವ ಸಂಬಳವಲ್ಲ. ನಿಮ್ಮ ಪಿಎಫ್‌ಗೆ ಕಂಪನಿ ಹಾಕುವ ಪಾಲು ಅದರಲ್ಲೇ ಸೇರಿರುತ್ತದೆ, ಹೆಚ್ಚುಕಡಿಮೆಯಾಗಬಹುದಾದ ವೇರಿಯಬಲ್ ಪೇ ಸೇರಿರುತ್ತದೆ, ಎಷ್ಟೋ ಕಡೆ ಕೆಲಸ ಬಿಡುವಾಗ ಕೊಡುವ ಇಡುಗಂಟು, ಅಂದರೆ ಗ್ರಾಚ್ಯುಟಿ ಕೂಡ. ಗ್ರಾಚ್ಯುಟಿಯ ವಿಷಯ ಸ್ವಲ್ಪ ಜಾಸ್ತಿ ಹೇಳುತ್ತೇನೆ. ನಾನು ಬಿಟ್ಟಾಗ ಇದ್ದದ್ದು 1972ರ ಕಾಯ್ದೆ. ಅದರ ಪ್ರಕಾರ ಐದು ವರ್ಷ ಸತತವಾಗಿ ದುಡಿದವರಿಗೆ ಕೊನೆಯ ತಿಂಗಳ ಬೇಸಿಕ್ಕನ್ನು (ಮೂಲ ಸಂಬಳ) 26ರಿಂದ ಭಾಗಿಸಿ, 15ರಿಂದ ಗುಣಿಸಿ, ದುಡಿದ ವರ್ಷಗಳಿಂದ ಗುಣಿಸಬೇಕು. ಬೇಸಿಕ್ 40,000 ಇದ್ದರೆ ಹನ್ನೊಂದು ವರ್ಷಕ್ಕೆ ಸುಮಾರು 2,53,800 ರೂಪಾಯಿ. ಕೊನೆಯಲ್ಲಿ ಉಳಿದ ತಿಂಗಳುಗಳು ಆರನ್ನು ದಾಟಿದರೆ ಅದೂ ಒಂದು ಪೂರ್ತಿ ವರ್ಷ. ನಾನು ಬಿಟ್ಟದ್ದು 11 ವರ್ಷ 5 ತಿಂಗಳಿಗೆ. ಇನ್ನೊಂದೆರಡು ತಿಂಗಳು ಇದ್ದಿದ್ದರೆ ಹನ್ನೆರಡು ವರ್ಷದ ದುಡ್ಡು ಬರುತ್ತಿತ್ತು. ಇದು ಗೊತ್ತಾಗುವ ಹೊತ್ತಿಗೆ ನನ್ನ ಕೊನೆಯ ದಿನ ನಿಗದಿಯಾಗಿಹೋಗಿತ್ತು. ರಾಜೀನಾಮೆ ಕೊಡುವ ಮೊದಲು ಕ್ಯಾಲೆಂಡರ್ ಮುಂದಿಟ್ಟುಕೊಂಡು ಲೆಕ್ಕ ಹಾಕಿ.

ನೋಟಿಸ್ ಪೀರಿಯಡ್ 90 ದಿನ. 2021ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ, ಎಲ್ಲ ತಿಪಟೂರಿನ ಮನೆಯಿಂದಲೇ. ಕೊನೆಯ ಸಂಜೆ ಅಕೌಂಟ್ ಮುಚ್ಚಿದರೆ ಹನ್ನೊಂದು ವರ್ಷದ ಮೇಲ್ ಒಂದೂ ಸಿಗುವುದಿಲ್ಲ ಅಂತ ಗೊತ್ತಿತ್ತು. ಹಾಗಾಗಿ ಆ ಮೂರು ತಿಂಗಳು ನನಗೆ ಗೊತ್ತಿದ್ದದ್ದನ್ನೆಲ್ಲ ಇಬ್ಬರು ಹೊಸಬರಿಗೆ ಹೇಳಿಕೊಟ್ಟೆ. ಅವರಲ್ಲಿ ಒಬ್ಬಳು ಅರಸೀಕೆರೆ ಕಡೆಯ ಹುಡುಗಿ. ಕೇಳಿದ್ದನ್ನೇ ಮೂರು ಸಲ ಕೇಳುತ್ತಿದ್ದಳು, ಆಮೇಲೆ ಮರೆಯುತ್ತಿರಲಿಲ್ಲ.

ಕೊನೆಯ ವಾರದ ಬುಧವಾರ ಬೆಳಿಗ್ಗೆ ಎದ್ದು ನೋಡಿದರೆ ರಾತ್ರಿ ಇನ್ನೊಂದು ಜಾಬ್ ನಿಂತಿತ್ತು. ಅದೇ ಸಾಕ್ ಸೆವೆನ್. ನನಗೆ ಫೋನ್ ಬಂದಿರಲಿಲ್ಲ. “ಮಲಗಿರ್ತೀರ ಅಂತ ಎಬ್ಬಿಸಲಿಲ್ಲ ಸರ್, ಡಂಪ್‌ನಲ್ಲಿ ಸಿಕ್ತು” ಅಂತ ಮೆಸೇಜ್ ಹಾಕಿದ್ದಳು. ಟಿಕೆಟ್ ತೆರೆದೆ. ಯಾವ ಸಾಲಿನಲ್ಲಿ ನಿಂತಿತು, ಯಾಕೆ ನಿಂತಿತು, ಯಾರ ಒಪ್ಪಿಗೆ ತಗೊಂಡಳು, ಎಷ್ಟು ಗಂಟೆಗೆ ಮತ್ತೆ ಓಡಿಸಿದಳು, ಎಲ್ಲ ಬರೆದಿದ್ದಳು. ಈ ಪ್ರೋಗ್ರಾಮಿಗೂ ಅಂಥ ಚೆಕ್ ಬೇಕು ಅಂತ ಬೇರೆ ಟಿಕೆಟ್ ತೆರೆದು, ಅದರ ನಂಬರನ್ನೂ ಕೊನೆಯಲ್ಲಿ ಹಾಕಿದ್ದಳು. ಮಾಡಿದವರು ಅನ್ನುವ ಜಾಗದಲ್ಲಿ ಅವಳ ಪೂರ್ತಿ ಹೆಸರಿತ್ತು, ಇನಿಶಿಯಲ್ ಸಮೇತ.