ಹೊಸ ಆಲ್ಬಮ್ ಕೇಳಿ ನಿಮ್ಮದೇ ಅಭಿಪ್ರಾಯ ಬರೆಯುವುದು ಹೇಗೆ?

ಆಲ್ಬಮ್ ಬಂದ ಒಂದೇ ಗಂಟೆಯಲ್ಲಿ 'ಸೂಪರ್', 'ಬೋರು', 'ಹಳೇದೇ ಚೆನ್ನಾಗಿತ್ತು' ಅನ್ನುವ ಮಾತುಗಳು ಶುರುವಾಗುತ್ತವೆ. ಅಂಥ ಮಾತು ಓದಿದಾಗೆಲ್ಲ ನನಗೆ ಒಂದೇ ಪ್ರಶ್ನೆ ಏಳುತ್ತದೆ: ಎಲ್ಲಿ? ಯಾವ ಹಾಡಿನ ಯಾವ ಜಾಗದಲ್ಲಿ ಹಾಗನ್ನಿಸಿತು? ಆ ಜಾಗ ತೋರಿಸಿದರೆ ನಾನೂ ಹೋಗಿ ಕೇಳಬಹುದು. ಒಪ್ಪಬಹುದು, ಇಲ್ಲಾ ಜಗಳ ಆಡಬಹುದು. ತೋರಿಸದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಹೊಸ ಹಾಡುಗಳ ಬಗ್ಗೆ ಬರೆಯಬೇಕು ಅಂತ ಆಸೆ ಇರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಜಾಗ ಹುಡುಕಿ. ಅದನ್ನು ಹೇಗೆ ಹುಡುಕುವುದು ಅಂತ ನನಗೆ ಗೊತ್ತಿರುವಷ್ಟು ಇಲ್ಲಿ ಬರೆಯುತ್ತೇನೆ.

2015ರ ಜುಲೈ 10ರಿಂದ ಹೊಸ ಆಲ್ಬಮ್‌ಗಳು ಹೆಚ್ಚಿನ ದೇಶಗಳಲ್ಲಿ ಶುಕ್ರವಾರವೇ ಬರುತ್ತವೆ. ಅದಕ್ಕೂ ಮೊದಲು ಒಂದೊಂದು ದೇಶದಲ್ಲಿ ಒಂದೊಂದು ದಿನ ಇತ್ತು. ಈಗ ಎಲ್ಲರೂ ಒಟ್ಟಿಗೆ ಕೇಳುತ್ತಾರೆ, ಒಟ್ಟಿಗೆ ಮಾತಾಡುತ್ತಾರೆ. ಶನಿವಾರದ ಹೊತ್ತಿಗೆ ಯಾವ ಹಾಡು ಗೆದ್ದಿತು, ಯಾವುದು ಬಿತ್ತು ಅಂತ ತೀರ್ಮಾನವೇ ಆಗಿಹೋಗಿರುತ್ತದೆ. ನೀವು ಕೇಳಿ ಮುಗಿಸುವ ತನಕ ಅದನ್ನು ಓದಲೇಬೇಡಿ. 'ಆರನೇ ಹಾಡು ಅದ್ಭುತ' ಅಂತ ಒಮ್ಮೆ ಓದಿದರೆ ಸಾಕು, ಮೊದಲ ಐದು ಹಾಡು ಕೇಳುವಾಗ ಮನಸ್ಸು ಆರನೆಯದನ್ನೇ ಕಾಯುತ್ತಿರುತ್ತದೆ. ಪಾಪ, ಆ ಐದು ಹಾಡುಗಳು ಏನು ತಪ್ಪು ಮಾಡಿದವು?

ಮೊದಲ ಸಲ ಕೇಳುವಾಗ ಕ್ರಮ ತಪ್ಪಿಸಬೇಡಿ. ಹಾಡುಗಳನ್ನು ಕಲಸಿ ಹಿಂದೆ ಮುಂದೆ ಹಾಕುವ ಶಫಲ್ ಆಫ್ ಮಾಡಿ. 2021ರಲ್ಲಿ ಹಾಡುಗಾರ್ತಿ ಅಡೆಲ್ ಕೇಳಿಕೊಂಡ ಮೇಲೆ ಹಾಡು ಕೇಳುವ ಆ್ಯಪ್ ಸ್ಪಾಟಿಫೈ ತನ್ನ ಆಲ್ಬಮ್ ಪುಟಗಳಲ್ಲಿ ಶಫಲ್ ಬದಲು ಪ್ಲೇ ಬಟನ್ ಅನ್ನೇ ಮುಂದೆ ತಂದಿತು. ಹಾಡುಗಾರರು ಯಾವ ಹಾಡಿನ ಪಕ್ಕ ಯಾವುದನ್ನು ಕೂರಿಸಬೇಕು ಅಂತ ತುಂಬಾ ತಲೆ ಕೆಡಿಸಿಕೊಳ್ಳುತ್ತಾರೆ. 2024ರ ಮೇ 17ಕ್ಕೆ ಬಂದ, ಹಾಡುಗಾರ್ತಿ ಬಿಲೀ ಐಲಿಶ್ ಅವರ 'ಹಿಟ್ ಮೀ ಹಾರ್ಡ್ ಅಂಡ್ ಸಾಫ್ಟ್' ಇದಕ್ಕೆ ಒಳ್ಳೆಯ ಉದಾಹರಣೆ. ಅದರಿಂದ ಒಂದು ಹಾಡನ್ನೂ ಮುಂಚಿತವಾಗಿ ಬಿಡಲಿಲ್ಲ. ಹತ್ತೂ ಹಾಡು ಒಟ್ಟಿಗೇ ಬಂದವು. ಮೊದಲ ಹಾಡು 'ಸ್ಕಿನಿ' ಮೆಲ್ಲಗೆ, ಹೆಚ್ಚು ಕಡಿಮೆ ಪಿಸುದನಿಯಲ್ಲಿ ಸಾಗಿ ತಂತಿವಾದ್ಯಗಳ ಜೊತೆ ಮುಗಿಯುತ್ತದೆ. ಅದರ ಬೆನ್ನಿಗೇ 'ಲಂಚ್' ಬರುತ್ತದೆ, ಬೇಸ್ ಗಿಟಾರ್ ಗುದ್ದುತ್ತಾ. ಆಲ್ಬಮ್ಮಿನ ಹೆಸರೇ ಈ ಎರಡು ಹಾಡುಗಳ ನಡುವೆ ಇದೆ ಅನ್ನಿಸಿತು ನನಗೆ. 'ಲಂಚ್' ಒಂದನ್ನೇ ಪ್ಲೇಲಿಸ್ಟಿನಲ್ಲಿ ಕೇಳಿದರೆ ಕುಣಿಸುವ ಹಾಡು ಅಷ್ಟೇ. 'ಸ್ಕಿನಿ' ಆದಮೇಲೆ ಕೇಳಿದರೆ ಕಟ್ಟಿಹಾಕಿದ್ದನ್ನು ಬಿಚ್ಚಿದ ಹಾಗಿರುತ್ತದೆ.

ಬಿಯಾನ್ಸೆ ಅವರ 'ಕೌಬಾಯ್ ಕಾರ್ಟರ್' ವಿಷಯದಲ್ಲಂತೂ ಕ್ರಮ ಇನ್ನೂ ಮುಖ್ಯ. ಅದೂ 2024ರದ್ದೇ. 27 ಟ್ರ್ಯಾಕ್, ಸುಮಾರು 78 ನಿಮಿಷ. ಅದರಲ್ಲಿ ಕೆಲವು ಹಾಡುಗಳೇ ಅಲ್ಲ, ಚಿಕ್ಕ ಚಿಕ್ಕ ಮಾತಿನ ತುಣುಕುಗಳು. ಅಮೆರಿಕದ ಹಳ್ಳಿಗಾಡಿನ ಸೊಗಡಿನ ಕಂಟ್ರಿ ಸಂಗೀತದ ಹಿರಿಯ ಹಾಡುಗಾರ ವಿಲಿ ನೆಲ್ಸನ್ ರೇಡಿಯೋ ನಿರೂಪಕರಾಗಿ ಬರುತ್ತಾರೆ. ಲಿಂಡಾ ಮಾರ್ಟೆಲ್ ಮಾತಾಡುತ್ತಾರೆ. ಶಫಲ್‌ನಲ್ಲಿ ಈ ತುಣುಕುಗಳು ಎಲ್ಲೆಲ್ಲೋ ಬಿದ್ದು ಅರ್ಥವೇ ಕಳೆದುಕೊಳ್ಳುತ್ತವೆ. ಲಿಂಡಾ ಮಾರ್ಟೆಲ್ ಯಾರು ಅಂತ ಗೊತ್ತಿದ್ದರೆ ಆ ದನಿಗೆ ತೂಕ ಬರುತ್ತದೆ. ಕಂಟ್ರಿ ಸಂಗೀತದಲ್ಲಿ ಹೆಸರು ಮಾಡಿದ ಮೊದಲ ಕಪ್ಪು ಮಹಿಳೆಯರಲ್ಲಿ ಅವರೊಬ್ಬರು. 1970ರಲ್ಲಿ ಅವರ ಆಲ್ಬಮ್ ಬಂದಿತ್ತು. ಅಂಥವರನ್ನು ಕರೆದು ತಂದು, ಹಾಡುಗಳನ್ನು ಬಗೆ ಬಗೆಯಾಗಿ ವಿಂಗಡಿಸುವುದರ ಬಗ್ಗೆ ಮಾತಾಡಿಸಿದ್ದು ಬಿಯಾನ್ಸೆ ಅವರ ಜಾಣತನ, ಗೌರವ ಎರಡೂ ಹೌದು. ಈ ಆಲ್ಬಮ್ 2025ರ ಫೆಬ್ರವರಿಯಲ್ಲಿ ಗ್ರ್ಯಾಮಿಯ ವರ್ಷದ ಆಲ್ಬಮ್ ಪ್ರಶಸ್ತಿ ಪಡೆಯಿತು. ನನಗೆ ಇಡೀ ಆಲ್ಬಮ್ ಮೈಕೊಡವಿ ಎದ್ದು ನಿಲ್ಲುವುದು 'ಯಾ ಯಾ' ಹಾಡಿನಲ್ಲಿ. ಚಪ್ಪಾಳೆ, ಕೂಗು, ಓಡುವ ಲಯ, ಎಲ್ಲ ಒಟ್ಟಿಗೆ. ಅದಕ್ಕೆ ಮೊದಲು ಬರುವ ನಿಧಾನದ ಹಾಡುಗಳಲ್ಲಿ ಎರಡು ಮೂರು ಇಲ್ಲದಿದ್ದರೂ ನಡೆಯುತ್ತಿತ್ತು.

ಯಾವುದರಲ್ಲಿ ಕೇಳುತ್ತೀರಿ ಅನ್ನುವುದೂ ಮುಖ್ಯವೇ. ಫೋನಿನ ಸ್ಪೀಕರಿನಲ್ಲಿ ಕೇಳಿ ಅಭಿಪ್ರಾಯ ಬರೆಯಬೇಡಿ. ಅಷ್ಟು ಚಿಕ್ಕ ಸ್ಪೀಕರಿನಿಂದ ಬೇಸ್ ಸರಿಯಾಗಿ ಬರುವುದೇ ಇಲ್ಲ. ಕಿಟಕಿ ಮುಚ್ಚಿದ ಮನೆಯ ಹೊರಗೆ ನಿಂತು ಒಳಗಿನ ಮಾತು ಕೇಳಿಸಿಕೊಂಡ ಹಾಗಾಗುತ್ತದೆ. ಸಾಧಾರಣ ಹೆಡ್‌ಫೋನ್ ಇದ್ದರೂ ಸಾಕು. ದುಬಾರಿಯದು ಬೇಕೇ ಬೇಕು ಅಂತೇನಿಲ್ಲ, ಆದರೆ ಯಾವಾಗಲೂ ಒಂದೇ ಹೆಡ್‌ಫೋನ್ ಬಳಸಿ. ಆಗ ಒಂದು ಆಲ್ಬಮ್ಮಿಗೂ ಇನ್ನೊಂದಕ್ಕೂ ಸದ್ದಿನಲ್ಲಿ ಏನು ವ್ಯತ್ಯಾಸ ಅಂತ ಕಿವಿಗೆ ಗೊತ್ತಾಗುತ್ತದೆ. ವಾಲ್ಯೂಮ್ ಕೂಡ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿರಲಿ. ಸದ್ದು ಸ್ವಲ್ಪ ಜಾಸ್ತಿ ಇದ್ದರೆ ಅದೇ ಹಾಡು ಚೆನ್ನಾಗಿದೆ ಅನ್ನಿಸುತ್ತದೆ, ನಮ್ಮ ಕಿವಿಯ ಗುಣವೇ ಅದು. ಸ್ಟ್ರೀಮಿಂಗ್ ಆ್ಯಪ್‌ಗಳು ಇದಕ್ಕಾಗಿಯೇ ಹಾಡುಗಳ ಸದ್ದನ್ನು ಒಂದು ಮಟ್ಟಕ್ಕೆ ತರುತ್ತವೆ. ಸ್ಪಾಟಿಫೈನಲ್ಲಿ ಸಾಮಾನ್ಯವಾಗಿ ಅದು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರಾಗಿ ಕೇಳಿಸುತ್ತದೆ ಅನ್ನುವುದರ ಅಳತೆ). ಆ ಸೆಟ್ಟಿಂಗ್ ಆನ್ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಮೊದಲ ಸಲ ಕೇಳುವಾಗ ಏನೂ ಬರೆಯಬೇಡಿ, ಸಮಯ ಮಾತ್ರ ಗುರುತು ಹಾಕಿಕೊಳ್ಳಿ. ತಲೆ ಎತ್ತಿದ ಕಡೆ, ಕಾಲು ತಾಳ ಹಾಕಿದ ಕಡೆ, ಫೋನಿಗೆ ಕೈ ಹೋದ ಕಡೆ. ಈ ಮೂರನೆಯದನ್ನು ಜನ ಗುರುತು ಹಾಕುವುದೇ ಇಲ್ಲ. ಬೇಸರ ಬಂದ ಕ್ಷಣ ಯಾವುದು ಅಂತ ಗೊತ್ತಾಗುವುದೂ ತುಂಬಾ ಉಪಯೋಗದ ವಿಷಯ. 'ಮೂರನೇ ಹಾಡು, 1:50, ಫೋನ್ ನೋಡಿದೆ' ಅಂತ ಚೀಟಿಯಲ್ಲಿ ಇದ್ದರೆ, ಮುಂದಿನ ಸಲ ಅಲ್ಲಿ ಏನಾಯಿತು ಅಂತ ಹುಡುಕಬಹುದು. ಎಷ್ಟೋ ಸಲ ಅಲ್ಲಿ ಎರಡನೇ ಚರಣ ಇರುತ್ತದೆ. ಮೊದಲ ಚರಣದ್ದೇ ಟ್ಯೂನು, ಅದೇ ಬೀಟು, ಪದ ಮಾತ್ರ ಬೇರೆ. ಒಳ್ಳೆಯ ಹಾಡಿನಲ್ಲಿ ಎರಡನೇ ಚರಣಕ್ಕೆ ಏನಾದರೂ ಹೊಸದು ಸೇರಿರುತ್ತದೆ, ಇಲ್ಲವೇ ಏನಾದರೂ ಕಳಚಿಕೊಂಡಿರುತ್ತದೆ.

ಎರಡನೇ ಸಲದಿಂದ ಒಂದೊಂದನ್ನೇ ಬೆನ್ನು ಹತ್ತಿ. ಒಂದು ಸಲ ಬರೀ ಡ್ರಮ್ಸ್. ಒಂದು ಸಲ ಬರೀ ದನಿ, ಅದೂ ಮುಖ್ಯ ದನಿಯ ಹಿಂದೆ ಮೆಲ್ಲಗೆ ಸೇರಿಕೊಳ್ಳುವ ದನಿಗಳು. ಇಲ್ಲಿ ಒಂದು ಹಾಡನ್ನು ಹತ್ತಿರದಿಂದ ನೋಡೋಣ. ಬಿಲೀ ಅವರ ಅದೇ ಆಲ್ಬಮ್ಮಿನ 'ಲಾಮೂರ್ ದ ಮಾ ವೀ'. ಐದೂವರೆ ನಿಮಿಷದ ಹಾಡು. ಶುರುವಿನಲ್ಲಿ ಗಿಟಾರ್, ಜ್ಯಾಝಿನ ಹದದ ನಿಧಾನ ಲಯ, ಕಿವಿಯ ಹತ್ತಿರವೇ ನಿಂತು ಹಾಡಿದಂಥ ದನಿ. ನೀನೇ ನನ್ನ ಬಾಳಿನ ಪ್ರೀತಿ ಅಂತ ಹೇಳಿದ್ದು ಸುಳ್ಳಾಗಿತ್ತು ಅಂತ ಒಪ್ಪಿಕೊಳ್ಳುವ ಹಾಡು. ದನಿಯಲ್ಲಿ ಕೋಪ ಇಲ್ಲ, ಬರೀ ದಣಿವು. ಹೀಗೇ ಮುಗಿಯುತ್ತದೆ ಅಂದುಕೊಂಡಿರುತ್ತೀರಿ. ಕೊನೆಯ ಭಾಗಕ್ಕೆ ಬಂದಾಗ ಹಾಡು ಪೂರ್ತಿ ತಿರುಗಿಬಿಡುತ್ತದೆ. ಸಿಂಥಸೈಝರ್ ಓಡತೊಡಗುತ್ತದೆ, ಬೀಟ್ ಡಿಸ್ಕೋದ ವೇಗಕ್ಕೆ ಏರುತ್ತದೆ, ಅದೇ ದನಿಗೆ ಆಟೋಟ್ಯೂನಿನ (ದನಿಯ ಶ್ರುತಿ ತಿದ್ದುವ ಸಾಫ್ಟ್‌ವೇರ್) ಲೋಹದ ಹೊಳಪು ಬರುತ್ತದೆ. ಎರಡು ಹಾಡು ಸುಮ್ನೆ ಅಂಟಿಸಿದ್ದಾರೆ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮೊದಲ ಭಾಗದಲ್ಲಿ ಆಕೆ ಇನ್ನೂ ಅವನಿಗೆ ಸಮಾಧಾನ ಹೇಳುತ್ತಿದ್ದಾಳೆ. ಎರಡನೇ ಭಾಗದಲ್ಲಿ ಅವನನ್ನು ಬಿಟ್ಟು ನಡೆದಾಗಿದೆ. ಇದನ್ನು ಪದಗಳಿಗಿಂತ ಮೊದಲು ಲಯವೇ ಹೇಳಿಬಿಡುತ್ತದೆ. ಎರಡು ವರ್ಷದಲ್ಲಿ ನಾನು ಕೇಳಿದ ಹೊಸ ಹಾಡುಗಳಲ್ಲಿ ನನಗೆ ಇದಕ್ಕಿಂತ ಇಷ್ಟವಾದ ತಿರುವು ಇನ್ನೊಂದಿಲ್ಲ.

ಅದೇ ಆಲ್ಬಮ್ಮಿನ 'ದ ಗ್ರೇಟೆಸ್ಟ್' ಕೂಡ ಕೇಳಿ. ಅಲ್ಲೂ ಮೆಲ್ಲಗೆ ಶುರುವಾಗಿ ಕೊನೆಗೆ ಗಂಟಲು ಬಿಚ್ಚಿ ಹಾಡುವುದಿದೆ. ಆದರೆ ಅದು ತಿರುವಲ್ಲ, ಏರಿಕೆ. ಈ ಎರಡಕ್ಕೆ ಇರುವ ವ್ಯತ್ಯಾಸ ಕಿವಿಗೆ ಸಿಕ್ಕಿತು ಅಂದರೆ ಬರೆಯಲು ನಿಮ್ಮ ಹತ್ತಿರ ಆಗಲೇ ಒಂದು ವಿಷಯ ಇದೆ.

ಸಾಹಿತ್ಯವನ್ನು ಕೇಳಿದ ಮೇಲೆ ಓದಿ, ಮೊದಲೇ ಬೇಡ. ಕಣ್ಣು ಸಾಲು ಓದುತ್ತಿದ್ದರೆ ಕಿವಿ ಅರ್ಧ ಕೆಲಸ ನಿಲ್ಲಿಸುತ್ತದೆ. ಭಾಷೆ ಬಾರದಿದ್ದರೆ ಹೆದರಬೇಡಿ. ಸ್ಪೇನಿನ ಹಾಡುಗಾರ್ತಿ ರೊಸಾಲಿಯಾ ಅವರ 'ಲಕ್ಸ್' 2025ರ ನವೆಂಬರಿನಲ್ಲಿ ಬಂತು. ಅದರಲ್ಲಿ ಆಕೆ ಹತ್ತಕ್ಕಿಂತ ಹೆಚ್ಚು ಭಾಷೆಗಳಲ್ಲಿ ಹಾಡಿದ್ದಾರೆ, ಜೊತೆಗೆ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಇದೆ. ಅಷ್ಟೂ ಭಾಷೆ ಬಲ್ಲ ಕೇಳುಗರು ಎಷ್ಟು ಜನ ಸಿಗುತ್ತಾರೆ ಹೇಳಿ? ಮೊದಲು ದನಿಯಷ್ಟೇ ಕೇಳಿ, ಎಲ್ಲಿ ಬೇಡುತ್ತಿದೆ, ಎಲ್ಲಿ ಬೈಯುತ್ತಿದೆ ಅಂತ ಊಹಿಸಿ ಬರೆದಿಡಿ. ಆಮೇಲೆ ಅರ್ಥ ನೋಡಿ. ಊಹೆ ಸರಿ ಹೋದ ಕಡೆ ಸಂಗೀತ ತನ್ನ ಕೆಲಸ ಮಾಡಿದೆ. ಸರಿ ಹೋಗದ ಕಡೆ ಇನ್ನೂ ಚೆನ್ನಾಗಿರುತ್ತದೆ, ಯಾಕೆಂದರೆ ಅಲ್ಲಿ ಪದ ಒಂದು ಹೇಳುತ್ತಿದೆ, ದನಿ ಇನ್ನೊಂದು.

ಉದ್ದದ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯ ಇದೆ. 1948ರಲ್ಲಿ ಬಂದ ಎಲ್‌ಪಿ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು 22 ನಿಮಿಷ ಹಿಡಿಸುತ್ತಿತ್ತು. 1982ರಲ್ಲಿ ಸಿಡಿ ಬಂದಾಗ 74 ನಿಮಿಷ ಆಯಿತು. ಈಗ ಮಿತಿಯೇ ಇಲ್ಲ. ಟೇಲರ್ ಸ್ವಿಫ್ಟ್ ಅವರ 'ದ ಟಾರ್ಚರ್ಡ್ ಪೊಯೆಟ್ಸ್ ಡಿಪಾರ್ಟ್‌ಮೆಂಟ್' 2024ರ ಏಪ್ರಿಲ್ 19ಕ್ಕೆ 16 ಹಾಡುಗಳೊಂದಿಗೆ ಬಂತು, ಎರಡು ಗಂಟೆ ಕಳೆಯುವಷ್ಟರಲ್ಲಿ ಇನ್ನೂ 15 ಹಾಡು ಸೇರಿದವು. ಒಟ್ಟು ಎರಡು ಗಂಟೆಯ ಮೇಲೆ. ಅದರಲ್ಲಿ 'ಸೋ ಲಾಂಗ್, ಲಂಡನ್' ನನಗೆ ಬಹಳ ಪ್ರೀತಿಯ ಹಾಡು. ಶುರುವಿನಲ್ಲಿ ದನಿಯ ಮೇಲೆ ದನಿ ಪೇರಿಸಿ ಗಂಟೆ ಬಾರಿಸಿದ ಹಾಗೆ ಕೇಳಿಸುತ್ತಾರೆ. ಆಮೇಲೆ ಎದೆಬಡಿತದಂಥ ಬೀಟು. ಆದರೆ 31 ಹಾಡುಗಳ ನಡುವೆ ಅದು ಕಳೆದುಹೋಗುವುದು ನೋಡಿದರೆ ಬೇಜಾರಾಗುತ್ತದೆ. ಅಭಿಮಾನಿಗಳಿಗೆ ಕೊಟ್ಟಷ್ಟೂ ಸಾಲದು ಅನ್ನುವುದು ನಿಜ. ಆದರೂ ಆಯ್ದು ಕೊಡುವುದು ಕಲಾವಿದರ ಕೆಲಸ, ಅದನ್ನು ಕೇಳುಗರ ಮೇಲೆ ಹಾಕಬಾರದು.

ಇಷ್ಟು ಉದ್ದದ ಆಲ್ಬಮ್ ಸಿಕ್ಕರೆ ಒಂದೇ ಕೂತಿನಲ್ಲಿ ಮುಗಿಸಲು ಹೋಗಬೇಡಿ. ಅರ್ಧ ಅರ್ಧ ಮಾಡಿ ಕೇಳಿ. ಎರಡನೇ ಅರ್ಧವನ್ನು ಬೇರೆ ದಿನ, ತಾಜಾ ಕಿವಿಯಲ್ಲಿ ಕೇಳಿ. ಮೊದಲಿನ ಹಾಡುಗಳಿಗೆ ಸಿಕ್ಕ ಗಮನ ಕೊನೆಯ ಹಾಡುಗಳಿಗೂ ಸಿಗಲಿ.

ಕೇಳಿ ಮುಗಿದ ಮೇಲೆ ಒಂದು ವಾರ ಬಿಡಿ. ಇದು ಎಲ್ಲಕ್ಕಿಂತ ಕಷ್ಟ. ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯೊನ್ಸ್ 1968ರಲ್ಲೇ ತೋರಿಸಿದ್ದರು, ಒಂದನ್ನು ಮತ್ತೆ ಮತ್ತೆ ಎದುರಿಗೆ ಇಟ್ಟರೆ ಸಾಕು, ನಮಗೆ ಅದು ಇಷ್ಟವಾಗತೊಡಗುತ್ತದೆ ಅಂತ. ಹಾಡಿನ ವಿಷಯದಲ್ಲಿ ಇದು ದಿನಾ ಕಾಣುತ್ತದೆ ಅಲ್ವಾ? ಎಲ್ಲಾ ಕಡೆ ಕೇಳಿ ಕೇಳಿ ಬಾಯಲ್ಲಿ ಉಳಿದ ಹಾಡು ಇಷ್ಟದ ಹಾಡು ಅನ್ನಿಸಿಬಿಡುತ್ತದೆ. ವಾರದ ಬಿಡುವಿನ ನಂತರ, ಆಲ್ಬಮ್ ಹಾಕುವ ಮೊದಲು, ಯಾವ ಹಾಡು ನೆನಪಿದೆ ಅಂತ ಚೀಟಿಯಲ್ಲಿ ಬರೆಯಿರಿ. ಟ್ಯೂನ್ ನೆನಪಿದೆಯೋ, ಒಂದು ಸಾಲು ನೆನಪಿದೆಯೋ, ಬರೀ ಒಂದು ಸದ್ದು ನೆನಪಿದೆಯೋ, ಅದನ್ನೂ ಬರೆಯಿರಿ. ಆಮೇಲೆ ಇನ್ನೊಮ್ಮೆ ಪೂರ್ತಿ ಕೇಳಿ.

ಈಗ ಬರೆಯುವುದು. ಚೀಟಿಯಲ್ಲಿರುವ ಜಾಗಗಳಲ್ಲಿ ಎರಡನ್ನೋ ಮೂರನ್ನೋ ಆರಿಸಿ, ಅಲ್ಲಿಂದಲೇ ಶುರು ಮಾಡಿ. ಹಾಡುಗಾರರ ಹುಟ್ಟು, ಹಿಂದಿನ ಆಲ್ಬಮ್‌ಗಳ ಪಟ್ಟಿ ಯಾರಿಗೂ ಬೇಡ. 'ಸಂಗೀತ ಮನಮುಟ್ಟುವಂತಿದೆ' ಅಂತ ಬರೆದಿದ್ದರೆ ಹೊಡೆದುಹಾಕಿ, 'ಎರಡನೇ ಪಲ್ಲವಿಯಲ್ಲಿ ಡ್ರಮ್ಸ್ ನಿಂತುಹೋಗಿ ದನಿ ಒಂದೇ ಉಳಿಯುತ್ತದೆ, ಅಲ್ಲಿ ನನಗೆ ಉಸಿರು ಸಿಕ್ಕಿಬಿದ್ದಿತು' ಅಂತ ಬರೆಯಿರಿ. ಹತ್ತಕ್ಕೆ ಎಷ್ಟು ಅಂಕ ಅನ್ನುವುದನ್ನು ನಾನು ಬಿಟ್ಟಿದ್ದೇನೆ. ಅಂಕ ಕಂಡ ಕೂಡಲೇ ಓದುವವರು ಉಳಿದದ್ದನ್ನು ಓದುವುದಿಲ್ಲ.

ಹಿನ್ನೆಲೆಯ ವಿಷಯವನ್ನು ಕೇಳುವ ರೀತಿ ಬದಲಾಗುವ ಕಡೆ ಮಾತ್ರ ತನ್ನಿ. ಬ್ರಿಟನ್ನಿನ ಹಾಡುಗಾರ್ತಿ ಚಾರ್ಲಿ ಎಕ್ಸ್‌ಸಿಎಕ್ಸ್ ಅವರ 'ಬ್ರ್ಯಾಟ್' 2024ರ ಜೂನಿನಲ್ಲಿ ಬಂತು. ಕ್ಲಬ್ಬಿನಲ್ಲಿ ಕುಣಿಯುವ ಸಂಗೀತ. ಅದರ ನಡುವೆ 'ಸೋ ಐ' ಅನ್ನುವ ಹಾಡು ಸುಮ್ಮನೆ ನಿಂತುಬಿಡುತ್ತದೆ. ಅದು ಸೋಫಿ ಅನ್ನುವ ಸಂಗೀತಗಾರ್ತಿಯನ್ನು ನೆನೆದು ಬರೆದದ್ದು. ಚಾರ್ಲಿ ಜೊತೆ ಕೆಲಸ ಮಾಡಿದ್ದ ಸೋಫಿ 2021ರ ಜನವರಿಯಲ್ಲಿ ತೀರಿಕೊಂಡರು. ಇದು ಗೊತ್ತಾದ ಮೇಲೆ ಅಕ್ಕಪಕ್ಕದ ಕುಣಿತದ ಹಾಡುಗಳೂ ಬೇರೆ ಥರ ಕೇಳಿಸುತ್ತವೆ. ಇಂಥ ಒಂದು ವಿಷಯ ಸಾಕು, ಒಂದು ಪುಟದ ಜೀವನ ಚರಿತ್ರೆ ಬೇಕಿಲ್ಲ.

ಇಷ್ಟವಾಗದ ಹಾಡಿನ ಬಗ್ಗೆ ಬರೆಯುವಾಗಲೂ ಜಾಗ ತೋರಿಸಿ. ಹಾಡನ್ನು ಬೈಯಿರಿ, ಹಾಡಿದವರ ಮುಖ, ಮದುವೆ, ಬಟ್ಟೆ ಬೇಡ. ಆ ಹಾಡನ್ನು ತುಂಬಾ ಪ್ರೀತಿಸುವ ಒಬ್ಬ ಗೆಳೆಯನೋ ಗೆಳತಿಯೋ ಎದುರಿಗೆ ಕೂತಿದ್ದಾರೆ ಅಂದುಕೊಂಡು ಬರೆದರೆ ಮಾತು ತಾನಾಗಿಯೇ ಹದಕ್ಕೆ ಬರುತ್ತದೆ.

ಬರೆದದ್ದರ ಕೆಳಗೆ ತಾರೀಕು ಹಾಕಿಡಿ. ಆರು ತಿಂಗಳು ಬಿಟ್ಟು ಅದೇ ಆಲ್ಬಮ್ ಕೇಳಿ. ಅಭಿಪ್ರಾಯ ಬದಲಾಗಿದ್ದರೆ ಹಳೆಯದನ್ನು ಅಳಿಸಬೇಡಿ, ಅದರ ಕೆಳಗೇ ಹೊಸ ತಾರೀಕು ಹಾಕಿ ಯಾವ ಜಾಗದಲ್ಲಿ ಬದಲಾಯಿತು ಅಂತ ಸೇರಿಸಿ.