ಟ್ಯಾಂಕರ್ ನೀರಿನ ಬಿಲ್ಲನ್ನು ಕೊಳವೆಬಾವಿಯಿಂದ ಅಳೆಯುವುದು

ಬೇಸಿಗೆಯಲ್ಲಿ ನಗರಸಭೆ ಪಾವತಿಸುವ ಟ್ಯಾಂಕರ್ ಬಿಲ್ಲಿನಲ್ಲಿ ಕಳ್ಳಲೆಕ್ಕವಿದೆಯೇ ಎಂದು ತಿಳಿಯಲು ಯಾರು ಯಾರಿಗೆ ಎಷ್ಟು ಕೊಟ್ಟರು ಎಂದು ಹುಡುಕಬೇಕಿಲ್ಲ. ನಮ್ಮ ವಾರ್ಡಿನ ಬಿಲ್ಲುಗಳನ್ನು ನಾನು ತಾಳೆ ನೋಡಿದ್ದು ನೀರು ತುಂಬಿಸುವ ಬಾವಿಯ ಲೆಕ್ಕದಿಂದ.

ಬಾವಿಗೆ ಗಂಟೆಗೆ 2000 ಗ್ಯಾಲನ್ ಇಳುವರಿ (ಹೊರಬರುವ ನೀರು) ಎಂದರೆ ಸುಮಾರು 9000 ಲೀಟರ್. 6000 ಲೀಟರಿನ ಒಂದು ಟ್ಯಾಂಕರ್ ತುಂಬಲು 40 ನಿಮಿಷ ಬೇಕು. ತ್ರೀ ಫೇಸ್ ಕರೆಂಟು 7 ಗಂಟೆ ಇದ್ದರೆ ದಿನಕ್ಕೆ 10 ಲೋಡು, ಅಷ್ಟೇ. ಟ್ಯಾಂಕರಿನ ದಿನದ ಓಡಾಟ ಬರೆದಿಡುವ ಟ್ರಿಪ್ ಶೀಟಿನಲ್ಲಿ 25 ಲೋಡು ಇದ್ದರೆ ಮೋಟರ್ ಹದಿನಾರೂವರೆ ಗಂಟೆ ಓಡಿರಬೇಕು. ಬಾವಿ ನಗರಸಭೆಯದೇ ಆಗಿದ್ದರೆ ಅದರ ಆರ್‌ಆರ್ ನಂಬರಿನ (ವಿದ್ಯುತ್ ಸಂಪರ್ಕದ ಸಂಖ್ಯೆ) ವಿದ್ಯುತ್ ಬಿಲ್ಲು ತೆಗೆಸಿ. 7.5 ಎಚ್‌ಪಿ ಮೋಟರ್ ಗಂಟೆಗೆ ಸುಮಾರು 6 ಯೂನಿಟ್ ಎಳೆಯುತ್ತದೆ. 25 ಲೋಡು ನಿಜವಾದರೆ ತಿಂಗಳಿಗೆ 3000 ಯೂನಿಟ್ ಹತ್ತಿರ ಬರಬೇಕು. ಮೀಟರ್ ಕೆಟ್ಟು ಸರಾಸರಿ ಬಿಲ್ಲು ಬರುತ್ತಿದ್ದರೆ ಈ ಲೆಕ್ಕ ನಡೆಯದು.

ಟ್ಯಾಂಕನ್ನೂ ಟೇಪು ಹಿಡಿದು ಅಳೆಯಿರಿ. ಒಳವ್ಯಾಸ 1.3 ಮೀಟರ್, ಉದ್ದ 3 ಮೀಟರ್ ಇರುವ ದುಂಡನೆಯ ಟ್ಯಾಂಕು ಹಿಡಿಯುವುದು 3980 ಲೀಟರ್. ಮೈಮೇಲೆ 5000 ಎಂದು ಬರೆದಿದ್ದರೂ ಅಷ್ಟೇ. ಟ್ರಿಪ್ ಶೀಟಿನಲ್ಲಿರುವ ವಾಹನದ ನಂಬರನ್ನು ಸರ್ಕಾರದ ವಾಹನ ನೋಂದಣಿಯ ಪರಿವಾಹನ್ ತಾಣದಲ್ಲಿ ಹಾಕಿದರೆ ಅದು ಟ್ರ್ಯಾಕ್ಟರೋ ಸ್ಕೂಟರೋ ಗೊತ್ತಾಗುತ್ತದೆ. ಟ್ರೈಲರಿಗೆ ಬೇರೆಯೇ ನಂಬರು ಇರುತ್ತದೆ, ಗೊಂದಲ ಬೇಡ.

ಕಾಗದ ತರಿಸುವುದು ಆರ್‌ಟಿಐನಲ್ಲಿ, ಅಂದರೆ ಮಾಹಿತಿ ಹಕ್ಕು ಕಾಯ್ದೆಯಡಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದ. ಶುಲ್ಕ 10 ರೂಪಾಯಿ. ಹಾಗಾಗಿ ಒಂದು ಅರ್ಜಿ ಒಂದು ತಿಂಗಳ ವೋಚರ್, ಟ್ರಿಪ್ ಶೀಟ್, ಅಳತೆ ಪುಸ್ತಕಕ್ಕೆ (ಬಿಲ್ಲಿಗೆ ಮುಂಚೆ ಎಂಜಿನಿಯರ್ ಕೆಲಸದ ಪ್ರಮಾಣ ದಾಖಲಿಸುವ ಪುಸ್ತಕ); ಇನ್ನೊಂದು ಬಾವಿಯ ಇಳುವರಿ ವರದಿ ಮತ್ತು ವಿದ್ಯುತ್ ಬಿಲ್ಲಿಗೆ; ಮತ್ತೊಂದು ಗುತ್ತಿಗೆದಾರನಿಗೆ ಕೆಲಸ ವಹಿಸಿದ ಕಾರ್ಯಾದೇಶಕ್ಕೆ. ಕಾರ್ಯಾದೇಶದಲ್ಲಿ ಜಿಪಿಎಸ್ ಷರತ್ತು ಇದ್ದರೆ ಅದರ ದತ್ತಾಂಶವನ್ನು ತಡಮಾಡದೆ ಕೇಳಿ, ಹಳೆಯದು ಅಳಿಸಿಹೋಗುತ್ತದೆ. ‘ಇಷ್ಟು ಖರ್ಚು ಏಕಾಯಿತು’ ಎಂದು ಬರೆಯಬೇಡಿ. ಕಾಯ್ದೆ ದಾಖಲೆ ಕೊಡಿಸುತ್ತದೆ, ಸಮಜಾಯಿಷಿ ಕೊಡಿಸುವುದಿಲ್ಲ.

‘ಕಡತ ದೊಡ್ಡದಿದೆ’ ಎಂದು ಕಚೇರಿಯವರು ಕಾಯ್ದೆಯ 7(9)ನೇ ಕಲಂ ತೋರಿಸುವುದು ಮಾಮೂಲು. ಆ ಕಲಂ ಮಾಹಿತಿ ಕೊಡುವ ರೂಪವನ್ನು ಬದಲಿಸಬಹುದು, ನಿರಾಕರಿಸಲು ಬಿಡುವುದಿಲ್ಲ. ಆಗ ಅದೇ ಕಾಯ್ದೆಯ 2(ಜೆ) ಪ್ರಕಾರ ಕಡತ ಪರಿಶೀಲನೆ, ಅಂದರೆ ಕಚೇರಿಗೇ ಹೋಗಿ ಮೂಲ ಕಡತ ನೋಡಲು, ಕೇಳಿ. ನನ್ನ ಮಟ್ಟಿಗೆ ಇದೇ ಒಳ್ಳೆಯದು. ತಿಂಗಳಿಡೀ ಒಂದೇ ಪೆನ್ನು, ಹತ್ತು ಮನೆಯವರ ಸಹಿಗೆ ಒಂದೇ ಕೈಬರಹ, ಮಡಿಕೆಯೇ ಬೀಳದ ಟ್ರಿಪ್ ಶೀಟು: ಇವು ಜೆರಾಕ್ಸಿನಲ್ಲಿ ಕಾಣುವುದಿಲ್ಲ. ಶೀಟಿನಲ್ಲಿರುವ ವಿಳಾಸಗಳಿಗೂ ಹೋಗಿ ಬನ್ನಿ. ಟ್ಯಾಂಕರ್ ಯಾವ ದಿನ ಬಂತೆಂದು ಜನಕ್ಕೆ ನೆನಪಿರದು, ಆದರೆ ಆ ಗಲ್ಲಿಯೊಳಗೆ ಟ್ರ್ಯಾಕ್ಟರ್ ನುಗ್ಗುತ್ತದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ.

30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗ. ಕಳ್ಳಲೆಕ್ಕ ಸಿಕ್ಕಿದರೆ ಲೋಕಾಯುಕ್ತಕ್ಕೆ ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ಪ್ರಮಾಣಪತ್ರ ಬೇಕು. ಲಗತ್ತಿಸಲು ದೃಢೀಕೃತ ನಕಲನ್ನೇ ಮೊದಲಿನಿಂದ ಕೇಳಿಟ್ಟುಕೊಳ್ಳಿ.