ಬಿಸಿಲು ಕಂಡರೆ ನಂಬಬೇಡಿ: ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ ವಿಟಮಿನ್ ಡಿ ಬಗ್ಗೆ ನಾಲ್ಕು ಮಾತು

ಡಿಸೆಂಬರ್‌ನಲ್ಲಿ ಅಪ್ಪಿತಪ್ಪಿ ಮ್ಯಾಂಚೆಸ್ಟರ್‌ನಲ್ಲಿ ಬಿಸಿಲು ಬಿದ್ದರೆ, ನಡುಮಧ್ಯಾಹ್ನ ಹೊರಗೆ ನಿಂತು ನಿಮ್ಮ ನೆರಳು ನೋಡಿ. ನಿಮ್ಮ ಎತ್ತರದ ಸುಮಾರು ನಾಲ್ಕು ಪಟ್ಟು ಉದ್ದ ಇರುತ್ತದೆ. ಅದೇ ದಿನ, ಬೆಂಗಳೂರಿನ ನಡುಮಧ್ಯಾಹ್ನದಲ್ಲಿ ನಿಮ್ಮ ನೆರಳು ನಿಮಗಿಂತ ಗಿಡ್ಡ. ನೆರಳು ನಮಗಿಂತ ಉದ್ದವಾಗಿದ್ದಾಗ ಆ ಬಿಸಿಲಿನಿಂದ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗುವುದು ಅಷ್ಟಕ್ಕಷ್ಟೇ. ಸೂರ್ಯ ಅಷ್ಟು ತಗ್ಗಿನಲ್ಲಿದ್ದರೆ, ಚರ್ಮದಲ್ಲಿ ಡಿ ತಯಾರಿಸುವ ಯುವಿಬಿ ಎಂಬ ನೇರಳಾತೀತ ಕಿರಣಗಳು ವಾತಾವರಣದಲ್ಲೇ ಸೋಸಿಹೋಗುತ್ತವೆ. ಬೆಳಕು ಬರುತ್ತದೆ, ಬೇಕಾದದ್ದು ಬರುವುದಿಲ್ಲ.

"ನಾನು ಕಿಟಕಿ ಪಕ್ಕದಲ್ಲೇ ಕೂತು ಕೆಲಸ ಮಾಡ್ತೀನಲ್ಲ" ಎನ್ನುವವರು ಪ್ರತಿ ವರ್ಷ ಒಬ್ಬರಾದರೂ ಸಿಗುತ್ತಾರೆ. ಕಿಟಕಿ ಗಾಜು ಯುವಿಬಿಯನ್ನು ಒಳಗೆ ಬಿಡುವುದಿಲ್ಲ. ಜುಲೈನಲ್ಲೂ ಅಷ್ಟೇ.

ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಸಲಹೆ ಸರಳ. ಅಕ್ಟೋಬರ್‌ನಿಂದ ಮಾರ್ಚ್ ಆರಂಭದವರೆಗೆ ಎಲ್ಲರೂ ದಿನಕ್ಕೆ 10 ಮೈಕ್ರೊಗ್ರಾಂ ತೆಗೆದುಕೊಳ್ಳುವುದನ್ನು ಯೋಚಿಸಬೇಕು. ನಮ್ಮಂಥ ದಕ್ಷಿಣ ಏಷ್ಯಾ ಮೂಲದ, ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮದವರು ವರ್ಷವಿಡೀ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಈ ಕಿರಣಗಳನ್ನು ತಡೆಯುತ್ತದೆ. ಊರಿನ ಬಿಸಿಲಿಗೆ ಅದು ಕೊಡೆ, ಇಲ್ಲಿನ ಬಿಸಿಲಿಗೂ ಕೊಡೆಯೇ. ಇದೇನು ಹೊಸ ಗೋಳಲ್ಲ. ವಲಸೆ ಬಂದ ಏಷ್ಯನ್ ಕುಟುಂಬಗಳ ಮಕ್ಕಳಲ್ಲಿ ಕಾಲು ಬಾಗುವ ರಿಕೆಟ್ಸ್ ಕಾಣಿಸಿಕೊಂಡು, 1981ರಲ್ಲಿ ಈ ದೇಶದಲ್ಲಿ ಅದಕ್ಕೆಂದೇ ಪ್ರಚಾರ ಆಂದೋಲನ ನಡೆದಿತ್ತು.

ಮಾತ್ರೆಗೆ ಜಿಪಿ (ಇಲ್ಲಿ ಮೊದಲು ತೋರಿಸಿಕೊಳ್ಳುವ ಸ್ಥಳೀಯ ಡಾಕ್ಟರು) ಹತ್ತಿರ ಓಡಬೇಕಿಲ್ಲ. ಕೊರತೆ ಇಲ್ಲದವರಿಗೆ ದಿನನಿತ್ಯದ ಡಿ ಮಾತ್ರೆಯನ್ನು ಅವರು ಸಾಮಾನ್ಯವಾಗಿ ಬರೆದುಕೊಡುವುದೂ ಇಲ್ಲ, "ಅಂಗಡಿಯಲ್ಲಿ ಕೊಳ್ಳಿ" ಎನ್ನುತ್ತಾರೆ. ಯಾವ ಸೂಪರ್‌ಮಾರ್ಕೆಟ್‌ಗೆ ಹೋದರೂ ಅವರದೇ ಬ್ರ್ಯಾಂಡಿನ ಅಗ್ಗದ ಡಬ್ಬಿ ಇರುತ್ತದೆ. ದುಬಾರಿಯದರಲ್ಲಿ ಹೆಚ್ಚಿನ ಮಹಿಮೆ ಏನಿಲ್ಲ.

ಗಡಿಬಿಡಿ ಆಗುವುದು ಲೆಕ್ಕದಲ್ಲಿ. ಇಲ್ಲಿ ಮೈಕ್ರೊಗ್ರಾಂ, ಊರಿನಲ್ಲಿ ಐಯು (ಇಂಟರ್‌ನ್ಯಾಷನಲ್ ಯುನಿಟ್). 1 ಮೈಕ್ರೊಗ್ರಾಂ ಅಂದರೆ 40 ಐಯು. ಹಾಗಾಗಿ 10 ಮೈಕ್ರೊಗ್ರಾಂ ಅಂದರೆ 400 ಐಯು, 1000 ಐಯು ಅಂದರೆ 25 ಮೈಕ್ರೊಗ್ರಾಂ. ರಕ್ತದ ವರದಿಯದು ಇನ್ನೊಂದು ಕಥೆ. ನಾನು ಬರುವ ಮುಂಚೆ ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿಸಿದಾಗ 20 ಇತ್ತು. ಇಲ್ಲಿ ಎರಡನೇ ಚಳಿಗಾಲದಲ್ಲಿ 38 ಬಂತು. ಹತ್ತಿರ ಹತ್ತಿರ ಎರಡು ಪಟ್ಟು! ಈ ದೇಶದ ಹವೆ ನನಗೆ ಒಗ್ಗಿತು ಎಂದು ಮನೆಗೆ ಫೋನ್ ಮಾಡಿ ಹೇಳಿದ್ದೂ ಆಯಿತು. ಆಮೇಲೆ ನರ್ಸ್ ಒಬ್ಬರು ಕಾಗದದ ಮೇಲೆ ಬರೆದು ತೋರಿಸಿದರು: ಊರಿನ ಲ್ಯಾಬು ಕೊಡುವುದು ಮಿಲಿಲೀಟರಿಗೆ ನ್ಯಾನೊಗ್ರಾಂ, ಇಲ್ಲಿಯದು ಲೀಟರಿಗೆ ನ್ಯಾನೊಮೋಲ್. ಊರಿನ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಇಲ್ಲಿಯ ಅಂಕಿ. ನನ್ನ 20 ಇಲ್ಲಿಯ ಲೆಕ್ಕದಲ್ಲಿ 50 ಆಗಿತ್ತು. ಅದು 38ಕ್ಕೆ ಇಳಿದಿತ್ತು. ಇಲ್ಲಿ 25ಕ್ಕಿಂತ ಕೆಳಗಿದ್ದರೆ ಕೊರತೆ ಎನ್ನುತ್ತಾರೆ, 50 ದಾಟಿದರೆ ಬಹುತೇಕರಿಗೆ ಸಾಕು. ನಿಮ್ಮ ಹಳೆಯ ವರದಿ ಜೊತೆಗೆ ತಂದಿದ್ದರೆ ಅಂಕಿಯ ಮುಂದೆ ಏನು ಬರೆದಿದೆ ಎಂದು ಮೊದಲು ಓದಿ.

ಇನ್ನು ಸೂಟ್‌ಕೇಸಿನಲ್ಲಿ ಬರುವ ಸ್ಯಾಶೆ. ಉಪ್ಪಿನಕಾಯಿ, ಸಾರಿನ ಪುಡಿಯ ಜೊತೆಗೆ 60,000 ಐಯು ಪುಡಿಯ ಪೊಟ್ಟಣಗಳನ್ನು ಅಮ್ಮಂದಿರು ಪ್ರೀತಿಯಿಂದ ತುಂಬಿ ಕಳಿಸುತ್ತಾರೆ. ಅದು ಕೊರತೆ ಇದ್ದವರಿಗೆ ಡಾಕ್ಟರು ವಾರಕ್ಕೊಂದರಂತೆ ಇಷ್ಟು ವಾರ ಎಂದು ಎಣಿಸಿ ಕೊಡುವ ಔಷಧಿ. ಲೆಕ್ಕ ಹಾಕಿ ನೋಡಿ: ಒಂದು ಪೊಟ್ಟಣ ಅಂದರೆ 1500 ಮೈಕ್ರೊಗ್ರಾಂ, ಇಲ್ಲಿಯ ದಿನದ ಅಳತೆಯಲ್ಲಿ ಐದು ತಿಂಗಳ ಪಾಲು. ನಮ್ಮ ಪರಿಚಯದವರೊಬ್ಬರು ಅದನ್ನು ಗ್ಲೂಕೋಸ್ ಪುಡಿಯ ಹಾಗೆ ದಿನಾ ಹಾಲಿಗೆ ಬೆರೆಸಿ ಕುಡಿಯಲು ಶುರು ಮಾಡಿದ್ದರು; ಮೂರನೇ ದಿನ ಮಾತಿಗೆ ಮಾತು ಬಂದು ಗೊತ್ತಾಯಿತು, ಬಚಾವಾದರು. ಡಾಕ್ಟರು ಹೇಳದೆ ದೊಡ್ಡವರು ದಿನಕ್ಕೆ 100 ಮೈಕ್ರೊಗ್ರಾಂ ಮೀರಬಾರದು. ಹೆಚ್ಚಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಬಾಯಾರಿಕೆ, ಪದೇ ಪದೇ ಮೂತ್ರ, ಕೊನೆಗೆ ಕಿಡ್ನಿಗೆ ಪೆಟ್ಟು. ಮಲ್ಟಿವಿಟಮಿನ್ ತಿನ್ನುತ್ತಿದ್ದರೆ ಅದರಲ್ಲೂ ಡಿ ಇರುತ್ತದೆ, ಅದನ್ನೂ ಕೂಡಿಸಿ.

ಸಸ್ಯಾಹಾರಿಗಳು ಡಬ್ಬಿಯ ಹಿಂಬದಿ ಓದಬೇಕು. ಮೆತ್ತನೆಯ ಕ್ಯಾಪ್ಸೂಲುಗಳು ಹೆಚ್ಚಾಗಿ ಜೆಲಾಟಿನ್‌ನವು, ಅದು ದನದ್ದೋ ಹಂದಿಯದ್ದೋ ಆಗಿರುತ್ತದೆ. ಗಟ್ಟಿ ಮಾತ್ರೆಯಾದರೆ "ಸಸ್ಯಾಹಾರಿಗಳಿಗೆ ಸೂಕ್ತ" ಎಂಬ ಮುದ್ರೆ ಇದೆಯೇ ನೋಡಿ. ಡಿ3 ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಾಗುತ್ತದೆ. ಅದೂ ಬೇಡ ಎನ್ನುವವರಿಗೆ ಕಲ್ಲುಹೂವಿನ ಜಾತಿಯಿಂದ ತೆಗೆದ ಡಿ3 ಸಿಗುತ್ತದೆ. ಹೌದು, ಬಿಸಿಬೇಳೆಬಾತ್ ಪುಡಿಗೆ ಹಾಕುವ ಕಲ್ಲುಹೂವಿನ ನೆಂಟ. ಹಾಗೆಂದು ಬಿಸಿಬೇಳೆಬಾತ್ ತಿಂದು ಡಿ ಬಂತು ಎಂದುಕೊಳ್ಳಬೇಡಿ.

ಊಟದಿಂದಲೇ ಸರಿದೂಗಿಸುತ್ತೇನೆ ಎಂದರೆ ಕಷ್ಟ. ಕರಾವಳಿಯವರಿಗೆ ಬಂಗುಡೆ, ಭೂತಾಯಿಯಂಥ ಎಣ್ಣೆಮೀನು ಇಲ್ಲೂ ಸಿಗುತ್ತದೆ, ಅದರಲ್ಲಿ ಡಿ ಇದೆ. ಮೊಟ್ಟೆಯ ಹಳದಿಯಲ್ಲಿ ಸ್ವಲ್ಪ. ಅಮೆರಿಕದಿಂದ ಬಂದವರು ಗಮನಿಸಿ: ಅಲ್ಲಿಯ ಹಾಲಿಗೆ ಡಿ ಬೆರೆಸಿರುತ್ತಾರೆ, ಇಲ್ಲಿಯ ಹಾಲಿಗೆ ಸಾಮಾನ್ಯವಾಗಿ ಇಲ್ಲ. ರಾಗಿ ವಿಷಯಕ್ಕೆ ಬಂದರೆ, ಮುದ್ದೆ ಉಂಡವನ ಮೂಳೆ ಗಟ್ಟಿ ಎನ್ನುವುದು ಸುಳ್ಳಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ ಇದೆ, ಇಲ್ಲಿ ದೊಡ್ಡವರಿಗೆ ದಿನಕ್ಕೆ ಬೇಕೆನ್ನುವುದು 700. ಆದರೆ ಡಿ ಇಲ್ಲದೆ ಕರುಳು ಆ ಕ್ಯಾಲ್ಸಿಯಂ ಅನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಮುದ್ದೆ ಬಿಡಬೇಡಿ, ಮಾತ್ರೆಯನ್ನೂ ಬಿಡಬೇಡಿ.

ಎದೆಹಾಲು ಕುಡಿಯುವ ಕೂಸಿಗೆ ಹುಟ್ಟಿದಾಗಿನಿಂದಲೇ ದಿನಕ್ಕೆ 8.5ರಿಂದ 10 ಮೈಕ್ರೊಗ್ರಾಂ ಹನಿ ಹಾಕಬೇಕು. ಕೂಸುಗಳಿಗೆಂದೇ ಮಾಡಿದ ಡಬ್ಬಿ ಹಾಲು (ಫಾರ್ಮುಲಾ) ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಕುಡಿಯುವ ಮಗುವಿಗೆ ಬೇಕಿಲ್ಲ, ಅದರಲ್ಲೇ ಸೇರಿಸಿರುತ್ತಾರೆ. ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ 10. ಗರ್ಭಿಣಿಯರು ಡಿ ತೆಗೆದುಕೊಳ್ಳಬೇಕು, ಆದರೆ ಕಾಡ್ ಲಿವರ್ ಎಣ್ಣೆಯ ರೂಪದಲ್ಲಿ ಬೇಡ. ಅದರಲ್ಲಿರುವ ವಿಟಮಿನ್ ಎ ಹೊಟ್ಟೆಯೊಳಗಿನ ಮಗುವಿಗೆ ಒಳ್ಳೆಯದಲ್ಲ.

ಮೆಟ್ಟಿಲು ಹತ್ತುವಾಗ ತೊಡೆ ಸೋಲುವುದು, ನೆಲದಿಂದ ಕೈಯೂರದೆ ಏಳಲಾಗದಿರುವುದು, ಸೊಂಟ ಪಕ್ಕೆಗಳಲ್ಲಿ ಬಿಡದ ನೋವು: ಇವನ್ನು "ಚಳಿಗೆ" ಎಂದು ತಳ್ಳಿಹಾಕದೆ ಜಿಪಿಗೆ ತೋರಿಸಿ. ದೊಡ್ಡವರಲ್ಲಿ ಮೂಳೆ ಮೆದುವಾದಾಗ ಹೀಗೇ ಆಗುತ್ತದೆ. ಕಿಡ್ನಿ ಕಲ್ಲು ಆಗಿದ್ದವರು ಮಾತ್ರೆ ಶುರು ಮಾಡುವ ಮೊದಲೇ ಕೇಳಲಿ.

ಡಿ ಜಿಡ್ಡಿನಲ್ಲಿ ಕರಗುವಂಥದ್ದು, ಹಾಗಾಗಿ ಊಟದ ಜೊತೆ ತೆಗೆದುಕೊಂಡರೆ ಚೆನ್ನಾಗಿ ಹಿಡಿಯುತ್ತದೆ. ನಮ್ಮ ಮನೆಯಲ್ಲಿ ಡಬ್ಬಿ ತುಪ್ಪದ ಗಿಂಡಿಯ ಪಕ್ಕದಲ್ಲಿದೆ. ನನ್ನ ಹೆಂಡತಿಗೆ ಥೈರಾಯ್ಡ್ ಮಾತ್ರೆ ಇರುವುದರಿಂದ ಅದು ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ. ಕ್ಯಾಲ್ಸಿಯಂ ಸೇರಿರುವ ಡಿ ಮಾತ್ರೆ ಅದಕ್ಕೆ ಅಡ್ಡ ಬರುತ್ತದೆ, ನಡುವೆ ನಾಲ್ಕು ಗಂಟೆಯಾದರೂ ಬಿಡಬೇಕು ಎಂದು ಫಾರ್ಮಸಿಯವರು ಹೇಳಿದ ಮೇಲೆ ಅವಳದು ರಾತ್ರಿ ಊಟಕ್ಕೆ ಹೋಯಿತು. ನನ್ನದು ಮಧ್ಯಾಹ್ನಕ್ಕೆ, ಅನ್ನದ ಮೇಲೆ ತುಪ್ಪ ಬಿದ್ದ ಮೇಲೆ.